ಒಂದಂಕದ ಅಲಂಕಾರಶಾಸ್ತ್ರ: ಒಂದು ತಾತ್ವಿಕ ಮುಖಾಮುಖಿ

ಪ್ರಸ್ತುತ ಸಂಪ್ರಬಂಧವು ಕರ್ನಾಟಕದ ಹತ್ತನೆಯ ತರಗತಿಯ ಇಂಗ್ಲಿಷ್ ಪೀರಿಯಡ್ಡಿನಲ್ಲಿ ‘ಫಿಗರ್ ಆಫ್ ಸ್ಪೀಚ್’ ಎಂಬ ಸಂಕಥನವು ಯಾವ ನೆಲೆಗಳಲ್ಲಿ, ಯಾವ ಆಯಾಮಗಳಲ್ಲಿ, ಯಾವ ಪರಿಪ್ರೇಕ್ಷ್ಯದ ಹಿನ್ನೆಲೆಯ ಚೌಕಟ್ಟಿನ ಒಳಗೆ ಒಂದು ಅಂಕವಾಗಿ ರೂಪುಗೊಳ್ಳುತ್ತದೆ ಎಂಬುದರೊಂದಿಗೆ ಅನುಸಂಧಾನ ನಡೆಸುವ ವಿನಮ್ರ ಪ್ರಯತ್ನವಾಗಿದೆ. (ಹೀಗೆ ಶುರುಮಾಡದಿದ್ದರೆ ವಿಚಾರ ಸಂಕಿರಣದಲ್ಲಿ ಸರ್ಟಿಫಿಕೇಟು ಕೊಡುವುದಿಲ್ಲ. ಊಟದ ಕೂಪನ್ನೂ ಅನುಮಾನವೇ.)

ಮೊದಲಿಗೆ ಪೂರ್ವಸೂರಿಗಳ ಸಮೀಕ್ಷೆ. ಭರತನ ನಾಟ್ಯಶಾಸ್ತ್ರದಲ್ಲಿ ಅಲಂಕಾರಗಳು ಬರೀ 4: ಉಪಮೆ, ರೂಪಕ, ದೀಪಕ, ಯಮಕ. ದಂಡಿಯ ಕಾಲಕ್ಕೆ ಉಪಮೆಯೊಂದೇ 32 ಮರಿ ಹಾಕಿತ್ತು. ಅಪ್ಪಯ್ಯ ದೀಕ್ಷಿತರ ‘ಕುವಲಯಾನಂದ’ದಲ್ಲಿ ಅಲಂಕಾರಗಳ ಲೆಕ್ಕ 100 ದಾಟಿತು. ಇಂಗ್ಲೆಂಡಿನವರೇನೂ ಹಿಂದೆ ಬಿದ್ದಿರಲಿಲ್ಲ. ಹೆನ್ರಿ ಪೀಚಮ್ 1577ರಲ್ಲಿ ‘ದಿ ಗಾರ್ಡನ್ ಆಫ್ ಎಲೊಕ್ವೆನ್ಸ್’ ಎಂಬ ತೋಟ ಮಾಡಿ, ನೂರಕ್ಕೂ ಮಿಕ್ಕಿ ಗ್ರೀಕ್, ಲ್ಯಾಟಿನ್ ಹೆಸರುಗಳನ್ನು ಸಾಲಾಗಿ ನೆಟ್ಟ. ನಮ್ಮ ದೇಶದ ಶಾಲೆಗಳಿಗೆ ಅದರ ಕಸಿ ಗಿಡಗಳನ್ನು 1930ರ ದಶಕದಲ್ಲಿ ತಂದುಕೊಟ್ಟವರು ರೆನ್ ಮತ್ತು ಮಾರ್ಟಿನ್. ಈ ರೆನ್ ಸಾಹೇಬರೇ 1924ರಲ್ಲಿ ‘ಬೋ ಜೆಸ್ಟ್’ ಎಂಬ ರೋಚಕ ಕಾದಂಬರಿ ಬರೆದವರು. ಅದರಲ್ಲಿ ಮರುಭೂಮಿಯ ಕೋಟೆಯೊಂದಕ್ಕೆ ಮುತ್ತಿಗೆ ಬೀಳುತ್ತದೆ. ಸತ್ತ ಸೈನಿಕರನ್ನು ಗೋಡೆಗೆ ಒರಗಿಸಿ, ಕೈಗೆ ಬಂದೂಕು ಕೊಟ್ಟು, ಇನ್ನೂ ಬದುಕಿದ್ದಾರೆಂದು ಶತ್ರುವನ್ನು ನಂಬಿಸುತ್ತಾರೆ. ಅವರ ವ್ಯಾಕರಣ ಪುಸ್ತಕದ ಅಲಂಕಾರಗಳ ಅಧ್ಯಾಯದಲ್ಲೂ ಇದೇ ಯುದ್ಧತಂತ್ರವನ್ನು ಬಳಸಲಾಗಿದೆ ಎಂಬುದು ಪ್ರಸ್ತುತ ಸಂಶೋಧಕನ ನಮ್ರ ಮಂಡನೆ.

ಇನ್ನು ಶಾಸ್ತ್ರಭಾಗ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಪದ್ಧತಿಯಂತೆ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವನ್ನು ಇಲ್ಲಿ ಅನುಸರಿಸಲಾಗಿದೆ.

ಸೂತ್ರ: ‘ಲೈಕ್’ ಇದ್ದರೆ ಸಿಮಿಲಿ. ‘ಆಸ್’ ಇದ್ದರೂ ಸಿಮಿಲಿ. ಎರಡೂ ಇಲ್ಲದಿದ್ದರೆ ಮೆಟಫರ್. ಮರ, ಗಾಳಿ, ಚಂದ್ರ ಇತ್ಯಾದಿಗಳು ಏನಾದರೂ ಕೆಲಸ ಮಾಡಿದರೆ ಪರ್ಸಾನಿಫಿಕೇಷನ್.

ವೃತ್ತಿ: ಇದು ಗೈಡು, ಟ್ಯೂಷನ್ನು, ಪಾಸಿಂಗ್ ಪ್ಯಾಕೇಜು ಎಂಬ ಪ್ರಸ್ಥಾನತ್ರಯಕ್ಕೂ ಸಮ್ಮತ. ಪದ್ಯ ಓದಿರಬೇಕೆಂಬ ನಿಬಂಧನೆ ಇಲ್ಲ. ಓದಿದರೆ ಗೊಂದಲವಾಗುವ ಸಂಭವ ಉಂಟು.

ಪ್ರಯೋಗ: ‘ಐ ಲೈಕ್ ಮ್ಯಾಂಗೋಸ್.’ ಅಲಂಕಾರ: ಸಿಮಿಲಿ.

ಈ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಬಹುದು. ಆದರೆ ಸೂತ್ರಕ್ಕೆ ವಿರುದ್ಧವಾಗಿದೆ ಎನ್ನಲು ಯಾವ ಮೇಷ್ಟರಿಗೂ ಬಾಯಿಲ್ಲ.

ಈಗ ಅಧ್ಯೇತೃಗಳ ವರ್ಗೀಕರಣ. ಇವರು ಐದು ಬಗೆ. ಒಂದನೆಯವರು ಲೈಕಾನ್ವೇಷಕರು, ಇವರ ವಿಚಾರ ಮೇಲೆ ಬಂದಿದೆ. ಎರಡನೆಯವರು ಅಕ್ಷರಗಣಕರು. ಇವರ ಕ್ಷೇತ್ರ ಅಲಿಟರೇಷನ್. ಒಂದೇ ಅಕ್ಷರದಿಂದ ಶುರುವಾಗುವ ಪದಗಳ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುವುದು ಇವರ ಸಾಧನಾಮಾರ್ಗ. ಒಬ್ಬ ಹುಡುಗ ‘ನೈಫ್’ಗೂ ‘ಕಿಂಗ್’ಗೂ ಅಲಿಟರೇಷನ್ ಹಚ್ಚಿದ್ದ. ಎರಡೂ ‘ಕೆ’ಯಿಂದಲೇ ಶುರುವಲ್ಲವೇ ಎಂಬುದು ಅವನ ವಾದ. ಕಣ್ಣಿಗೆ ಅದು ಅಪ್ಪಟ ಸತ್ಯ. ಕಿವಿಗೆ ತಿಳಿಯಬೇಕಿದ್ದರೆ ಯಾರಾದರೂ ಆ ಪದ್ಯವನ್ನು ಅವನ ಮುಂದೆ ಒಂದು ಸಲವಾದರೂ ಗಟ್ಟಿಯಾಗಿ ಓದಿರಬೇಕಿತ್ತು. ಮೂರನೆಯವರು, ಏನೂ ತೋಚದಿದ್ದಾಗ ಮೆಟಫರ್ ಎಂದು ಬರೆದು ದೇವರ ಮೇಲೆ ಭಾರ ಹಾಕುವವರು. ನಾಲ್ಕನೆಯವರು... ವರ್ಗೀಕರಣ ಸಾಕು. ಐದೂ ವರ್ಗದವರು ಒಂದೇ ಬೆಂಚಿನಲ್ಲಿ ಕೂತು ಒಂದೇ ಗೈಡಿನ ಮಸುಕು ಜೆರಾಕ್ಸ್ ಓದುತ್ತಿದ್ದಾರೆ.

ಪಕ್ಕದ ಕೊಠಡಿಯ ಕನ್ನಡ ಪಂಡಿತರು ಇದನ್ನು ಓದಿ ನಗಬೇಕಾಗಿಲ್ಲ. ಅಲ್ಲಿ ಭೀಮನೂ ದುರ್ಯೋಧನನೂ ಎಷ್ಟೋ ತಲೆಮಾರಿನಿಂದ ಮದ್ದಾನೆಗಳ ಹಾಗೆ ಹೊಡೆದಾಡುತ್ತಲೇ ಇದ್ದಾರೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕು ತುಂಡು ಮಾಡಿ ಸಮನ್ವಯ ಬರೆದರೆ ಮುಗಿಯಿತು. ಆ ಗದೆಯ ಏಟು ಒಂದು ಮಗುವಿಗೂ ತಾಗುವುದಿಲ್ಲ.

ಮುಂದಿನ ಅಧ್ಯಾಯ: ಪದಸಂಪತ್ತು, ಅಂದರೆ ಸ್ಪೆಲಿಂಗು. ಒಂದು ಹಳ್ಳಿಯ ಶಾಲೆಯಲ್ಲಿ ಕಂಡದ್ದು. ಹುಡುಗಿಯ ನೋಟ್‌ಬುಕ್ಕು ನೆನೆದು ಉಬ್ಬಿಕೊಂಡಿತ್ತು. ಯಾಕೆಂದು ಕೇಳಿದರೆ ಅವಳು ಒಂದೇ ಉಸಿರಿಗೆ ಹೇಳಿದಳು: “ರಾತ್ರಿ ಮಳೆ ಧೋ ಅಂತ ಸುರೀತು ಸಾರ್, ಶೀಟೆಲ್ಲ ಪಟಪಟ ಅಂತಿತ್ತು, ಕರ ದಡಬಡ ಎದ್ದು ಹಗ್ಗ ಪಟ್ಟಂತ ಕಿತ್ಕೊಂಡು ಓಡೋಯ್ತು, ನಮ್ಮವ್ವ ಬುಸುಬುಸು ಅಂತ ಅದರ ಹಿಂದೆ ಓಡಿದ್ಲು. ಬಂದು ನೋಡಿದ್ರೆ ಬ್ಯಾಗಿನ ಮೇಲೆ ತೊಟ್ಟತೊಟ್ಟ ಸೋರ್ತಿತ್ತು.” ಮೇಷ್ಟರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಅದೆಲ್ಲ ಇರ್ಲಿ, ಒನೊಮಟೊಪಿಯ ಸ್ಪೆಲಿಂಗ್ ಹೇಳು” ಎಂದರು.

12 ಅಕ್ಷರದ ಪದ. ನಾಲ್ಕು ಸಲ ‘ಓ’ ಬರುತ್ತದೆ. ಅವಳು ಮೂರನೆಯದರಲ್ಲಿ ಎಡವಿದಳು.

ಇಲ್ಲಿ ನನ್ನ ಶಾಸ್ತ್ರೀಯ ನಿರ್ಲಿಪ್ತತೆ ಕೈಕೊಡುತ್ತದೆ. ಕ್ಷಮಿಸಿ ಎನ್ನುವ ಮನಸ್ಸೂ ಇಲ್ಲ. ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯ ಬಲ್ಲವರು ಎಂದು 9ನೆಯ ಶತಮಾನದಲ್ಲೇ ಕವಿರಾಜಮಾರ್ಗ ಹೇಳಿತು. ನಾವು ಅದನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ಎದೆ ತಟ್ಟಿಕೊಂಡು ಹೇಳುತ್ತೇವೆ. ಮರುದಿನ ತರಗತಿಗೆ ಬಂದು, ಬಾಯಿ ಬಿಟ್ಟರೆ ಅನುಕರಣ ಶಬ್ದ ಉದುರಿಸುವ ಹುಡುಗಿಯನ್ನು ‘ಇಂಗ್ಲಿಷ್ ಬರಲ್ಲ’ ಎಂಬ ಸಾಲಿಗೆ ತಳ್ಳುತ್ತೇವೆ. ನೀನು ಈಗ ಮಾಡಿದೆಯಲ್ಲ, ಅದಕ್ಕೇ ಕಣಮ್ಮ ಆ ಉದ್ದನೆಯ ಹೆಸರು ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷ ಪರೀಕ್ಷೆಯ ಬ್ಲೂಪ್ರಿಂಟಿನಲ್ಲಿ ಇಲ್ಲ.

ಅದೇ ತರಗತಿಯ ಪಠ್ಯದಲ್ಲಿ ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಿಂದ ಪೋರ್ಷಿಯಾಳ ಭಾಷಣವಿದೆ, ‘ಕ್ವಾಲಿಟಿ ಆಫ್ ಮರ್ಸಿ’ ಎಂಬ ಪದ್ಯವಾಗಿ. ಕರುಣೆಯನ್ನು ಮಳೆಗೆ ಹೋಲಿಸುತ್ತಾಳೆ. ‘ಆಸ್’ ಇದೆ. ಆದ್ದರಿಂದ ಸಿಮಿಲಿ, ಒಂದು ಅಂಕ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಆಮೇಲೆ ಆ ಮನುಷ್ಯನ ಮಾಂಸ ಕೊಯ್ದ್ರಾ?” ಎಂದು ಕೇಳಿದ. “ಅದು ಪೋರ್ಷನ್‌ನಲ್ಲಿ ಇಲ್ಲ, ಕೂತ್ಕೊ” ಎಂಬ ಉತ್ತರ ಬಂತು. ಪೋರ್ಷಿಯಾ ಪೋರ್ಷನ್‌ನಲ್ಲಿದ್ದಾಳೆ, ಅವಳ ನಾಟಕ ಇಲ್ಲ.

ಮಾಂಸ ಕೊಯ್ಯಲಿಲ್ಲ ಮಗು. ಕೊಯ್ಯಬಹುದು, ಆದರೆ ಒಂದು ತೊಟ್ಟು ರಕ್ತ ಬೀಳಬಾರದು ಎಂದು ಅವಳು, ಸಾಲಕ್ಕೆ ಬದಲು ಆ ಮಾಂಸ ಕೇಳಿದ್ದ ಶೈಲಾಕನನ್ನು ಸಿಕ್ಕಿಸಿದಳು. ಕರುಣೆ ಮಳೆಯ ಹಾಗೆ ತಾನಾಗಿ ಸುರಿಯುತ್ತದೆ ಎಂದವಳು ಇನ್ನೂ ಅಲ್ಲೇ ಇರುವಾಗ, ಅದೇ ನ್ಯಾಯಾಲಯ ಆ ಮುದುಕನ ಆಸ್ತಿಗೆ ಕೈಹಾಕಿತು, ಧರ್ಮ ಬದಲಿಸಿಕೊಳ್ಳಬೇಕೆಂದೂ ವಿಧಿಸಿತು. ಐರನಿ ಎಂಬ ಪದದ ವ್ಯಾಖ್ಯೆಯನ್ನು ನೀನು ಬಾಯಿಪಾಠ ಮಾಡಿದ್ದೀಯಲ್ಲ, ಅದು ಇಲ್ಲಿತ್ತು. ನೀನು ಅದರ ಬಾಗಿಲು ತಟ್ಟಿದ್ದೆ, ನಾವು ಕೂತ್ಕೊ ಎಂದೆವು.

ಸಂಪ್ರಬಂಧದ ಉಳಿದ ಅಧ್ಯಾಯಗಳನ್ನು ಬರೆಯುವುದಿಲ್ಲ. ಮೇಷ್ಟ್ರೇ, ಒಂದು ಪೀರಿಯಡ್ಡು ಬಿಡಿ. ಕನ್ನಡದಲ್ಲೇ ಕತೆ ಹೇಳಿ. ಶೈಲಾಕ್ ತಕ್ಕಡಿ ತಂದಿಟ್ಟುಕೊಂಡಿದ್ದಾನೆ ಎನ್ನಿ, ತುಂಬಿದ ಕೋರ್ಟಿನಲ್ಲಿ ಚಾಕು ಮಸೆಯುತ್ತಿದ್ದಾನೆ ಎನ್ನಿ, ಎದುರಿಗಿರುವ ವಕೀಲ ಗಂಡಸಲ್ಲ, ವೇಷ ಹಾಕಿಕೊಂಡು ಬಂದ ಹೆಂಗಸು ಎನ್ನಿ. ಆಮೇಲೆ ಆ ಭಾಷಣವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ, ನಿಧಾನವಾಗಿ ಓದಿ. ಸಿಮಿಲಿಯನ್ನು ನಾಳೆ ಹುಡುಕಿಸಿದರಾಯಿತು.