ಎಷ್ಟು ಟನ್ನಿನ ಅಂಗಿ?

ಬೇಡಕಿಹಾಳದವರಿಗೆ ಪೇಟೆಯ ಕೊರತೆ ಎಂದೂ ಇಲ್ಲ. ಒಂದು ದಿಕ್ಕಿಗೆ ನಿಪ್ಪಾಣಿ, ಇನ್ನೊಂದು ದಿಕ್ಕಿಗೆ ಚಿಕ್ಕೋಡಿ, ಬೋರಗಾಂವ ದಾಟಿ ಗಡಿ ಹಾರಿದರೆ ಇಚಲಕರಂಜಿ, ಕಿಸೆಯೊಳಗೆ ಇನ್ನಷ್ಟು ಉಮೇದು ಇದ್ದರೆ ಕೊಲ್ಹಾಪುರ. ಯಾವ ಊರು ಯಾವ ರಾಜ್ಯಕ್ಕೆ ಸೇರಬೇಕು ಅಂತ ನಮ್ಮಲ್ಲಿ ಅವಾಗವಾಗ ವಾದ ಆಗುತ್ತಿರುತ್ತದೆ. ಅರಿವಿ ಕೊಳ್ಳುವಾಗ ಮಾತ್ರ ಯಾರೂ ವಾದ ಮಾಡುವುದಿಲ್ಲ. ಎಲ್ಲಿ ಸೋವಿಯೋ ಅದೇ ನಮ್ಮ ರಾಜ್ಯ.

ಮದುವೆ ಗೊತ್ತಾಯಿತೆಂದರೆ ಇಚಲಕರಂಜಿಗೆ ಮದುವೆ ಅರಿವಿಯ ಬಸ್ತಾ ಕಟ್ಟಿಸಲು ಹೋಗಬೇಕು, ಇದು ನಮ್ಮ ಅಜ್ಜಂದಿರ ಕಾಲದಿಂದ ಬಂದ ರೂಢಿ. 1904ರಲ್ಲಿ ವಿಠ್ಠಲರಾವ್ ದಾತಾರ ಎಂಬುವರು ಆ ಊರಿನಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಆ ಖಟಖಟ ಸಪ್ಪಳ ಇವತ್ತಿಗೂ ನಿಂತಿಲ್ಲ, ನಮ್ಮ ಕಡೆಯ ಕ್ರೂಸರ್ ಗಾಡಿಗಳು ಅತ್ತ ಓಡುವುದೂ ನಿಂತಿಲ್ಲ. ಬಸ್ತಾ ಅಂದರೆ ಒಂದು ಇಡೀ ದಿನದ ಅಧಿವೇಶನ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ನಡುವೆ ಮಾತಾಡಿಸಿದವರು, ಸುಮ್ಮನೆ ಗಾಡಿಯಲ್ಲಿ ಜಾಗ ಇದೆ ಅಂತ ಹತ್ತಿದವರು, ಎಲ್ಲರೂ ಕಾಲ್ಮರಿ ಹೊರಗೆ ಬಿಟ್ಟು ಬಿಳಿ ಗಾದಿಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂಡುತ್ತಾರೆ. ಶೇಠಜಿ ಸೀರೆಯ ಸುದ್ದಿಯನ್ನೇ ಎತ್ತುವುದಿಲ್ಲ. ಮೊದಲು ಮಳೆ, ಆಮೇಲೆ ಎಮ್ಮೆ, ಆಮೇಲೆ ಕಬ್ಬಿನ ಬಿಲ್ಲು ಬಂತೋ ಇಲ್ಲವೋ. ಬಿಲ್ಲು ಬಂದಿದೆ ಎಂದು ತಿಳಿದ ಮೇಲೆ ಹುಡುಗನಿಗೆ ಕಣ್ಣುಸನ್ನೆ. ಆ ಹುಡುಗ ಮೇಲಿನ ಕಪಾಟಿನಿಂದ ಸೀರೆ ಒಗೆಯುತ್ತಾನೆ, ಕೆಳಗಿನವನು ಹಿಡಿದು ಗಳಿಗೆ ಬಿಚ್ಚಿ ಹರವುತ್ತಾನೆ, ಮೂರು ಸಲ ಚಹಾ ಬರುತ್ತದೆ. ಅಷ್ಟು ಚಹಾ ಕುಡಿದು, ಅಷ್ಟು ಸೀರೆ ಬಿಚ್ಚಿಸಿ, ಏನೂ ತಗೊಳ್ಳದೆ ಎದ್ದುಬರುವ ಗಂಡುಗಲಿಯನ್ನು ನಾನಿನ್ನೂ ನೋಡಿಲ್ಲ.

ಈ ವರ್ಷ ನಮ್ಮ ಅಣ್ಣನ ಮಗಳ ಮದುವೆ ಗೊತ್ತಾಯಿತು. ಆಕೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಫೋನಿನಲ್ಲೇ ಅಪ್ಪಣೆ ಕೊಟ್ಟಳು: “ಅಪ್ಪಾ, ಇಚಲಕರಂಜಿ ಗಿಚಲಕರಂಜಿ ಬ್ಯಾಡ. ಇಲ್ಲೇ ಬರ್ರಿ. ನಮ್ಮ ಮನಿ ಹತ್ರ ದೊಡ್ಡ ಮಾಲ್ ಆಗೈತಿ, ಎಲ್ಲಾ ದೊಡ್ಡ ದೊಡ್ಡ ಸ್ಟೋರ್ ಬಂದಾವು.”

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. “ಧೋತರ ಉಟ್ಟರ ಒಳಗ ಬಿಡ್ತಾರೇನವಾ?”

ಆ ಪ್ರಶ್ನೆಗೆ ಆಧಾರವಿತ್ತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲಿನಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದಿದ್ದರು. ವಿಡಿಯೋ ಊರೂರು ಸುತ್ತಿತು, ವಿಧಾನಸಭೆಯಲ್ಲಿ ಗದ್ದಲವಾಯಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು, ಜೊತೆಗೆ ಬಾಕಿ ಇದ್ದ ತೆರಿಗೆಯ ಲೆಕ್ಕವೂ ಹೊರಬಿತ್ತು. ಇದನ್ನೆಲ್ಲ ಪೇಪರಿನಲ್ಲಿ ಓದಿದ್ದ ಅಣ್ಣ ಹೊಸ ಧೋತರ, ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ ತೆಗೆದಿಡಲು ವೈನಿಗೆ ಹೇಳಿದ. “ನನ್ನ ತಡದ್ರಂದ್ರ ಭಾಳ ಛಲೋ ಆತು. ಏಳು ದಿನ ಬಂದ್ ಬೀಳತೈತಿ, ಖರ್ಚು ಉಳೀತೈತಿ.”

ದುರದೈವ, ಯಾರೂ ತಡೆಯಲಿಲ್ಲ. ಬಾಗಿಲಲ್ಲಿದ್ದವನು ಎದ್ದುನಿಂತು ಸಲಾಮು ಹೊಡೆದ.

ಬೆಂಗಳೂರಿನವರಿಗೆ ಮಾಲು ಹಳೆಯ ಸುದ್ದಿ. ಕೋರಮಂಗಲದ ಫೋರಂ ತೆರೆದದ್ದು 2004ರಲ್ಲಿ, ಊರ ನಡುವೆ ಯುಬಿ ಸಿಟಿ 2008ರಲ್ಲಿ. ಅದೇ 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು, ಊರೂ ಅದರ ಬೆನ್ನು ಹತ್ತಿತು, ಹೆಬ್ಬಾಳದ ಆಚೆ 2023ರ ಅಕ್ಟೋಬರಿನಲ್ಲಿ ಮಾಲ್ ಆಫ್ ಏಷ್ಯಾ ಬಂತು. ಊರು ಎತ್ತ ಬೆಳೆಯುತ್ತದೋ ದೊಡ್ಡ ಅಂಗಡಿಗಳು ಅತ್ತ ನಡೆಯುತ್ತವೆ. 1991ರಲ್ಲಿ ಮುಂಬೈನ ಅಂಧೇರಿಯಲ್ಲಿ ಒಂದೇ ಮಳಿಗೆಯಾಗಿ ಹುಟ್ಟಿದ ಶಾಪರ್ಸ್ ಸ್ಟಾಪ್ ಈಗ ದೇಶದ ತುಂಬ ಇದೆ. ಟಾಟಾದವರು ಬೆಂಗಳೂರಿನಲ್ಲಿದ್ದ ಲಿಟಲ್‌ವುಡ್ಸ್ ಎಂಬ ಇಂಗ್ಲಿಷ್ ಅಂಗಡಿ ಕೊಂಡು ವೆಸ್ಟ್‌ಸೈಡ್ ಅಂತ ಹೆಸರಿಟ್ಟರು. 2025ರ ಮಾರ್ಚ್ ಕೊನೆಗೆ ವೆಸ್ಟ್‌ಸೈಡ್ 248 ಆಗಿದ್ದವು, ಅದರ ತಮ್ಮ ಝೂಡಿಯೋ 765. ಅಣ್ಣನಿಗಿಂತ ತಮ್ಮ ಜೋರು, ನಮ್ಮ ಮನೆಯಲ್ಲೊಂದು ಬಿಟ್ಟು ಎಲ್ಲ ಕಡೆಯೂ ಹೀಗೇ.

ಅಂಥದೊಂದು ಸ್ಟೋರಿನ ಒಳಗೆ ನಾವು ಕಾಲಿಟ್ಟ ಕೂಡಲೆ ಘಮಘಮ. ಬಹಳಷ್ಟು ದೊಡ್ಡ ಸ್ಟೋರುಗಳು ಅತ್ತರು, ಸ್ನೋ, ಪೌಡರುಗಳನ್ನು ಬಾಗಿಲಿನ ಎದುರಿಗೇ ಇಡುತ್ತವೆ. 1909ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಅಂಗಡಿ ತೆರೆದ ಹ್ಯಾರಿ ಗಾರ್ಡನ್ ಸೆಲ್ಫ್ರಿಜ್ ಎಂಬ ಅಮೆರಿಕದವನು ಈ ಚಾಳಿಯನ್ನು ಬೆಳೆಸಿದ. ಮೂಗು ಸೋತರೆ ಕಿಸೆ ತಾನಾಗಿ ಸೋಲುತ್ತದೆ ಅಂತ ಅವನ ಲೆಕ್ಕ ಇದ್ದೀತು. ಕಪ್ಪು ಕೋಟಿನ ಹುಡುಗನೊಬ್ಬ ಬಳುಕುತ್ತ ಬಂದು, ಬೆರಳುದ್ದದ ಬಿಳಿ ಕಾಗದಕ್ಕೆ ಫುಸ್ ಅನಿಸಿ ಅಣ್ಣನ ಕೈಗೆ ಕೊಟ್ಟ. ಅಣ್ಣ ಅದನ್ನು ಮೂಸಿದ, ನಾಲ್ಕು ಮಡಿಕೆ ಮಾಡಿದ, ಟೊಪ್ಪಿಗೆ ಸರಿಸಿ ಬಲಗಿವಿಯೊಳಗೆ ಒತ್ತಿ ಇಟ್ಟುಕೊಂಡ. ಹುಡುಗನ ಬಾಯಿ ತೆರೆದದ್ದು ಮುಚ್ಚಲಿಲ್ಲ.

“ಮಿರಜಿ ಉರುಸಿನ್ಯಾಗ ಹತ್ತಿ ಕೊಡತಾರ ತಮ್ಮಾ. ಇಷ್ಟ ದೊಡ್ಡ ಅಂಗಡಿ ಇಟ್ಟೀರಿ, ಹತ್ತಿಗಿ ಜೀವ ಹಿಡದೀರಲ್ಲ,” ಅಂದ ಅಣ್ಣ. ಊರಿಗೆ ಮರಳುವತನಕ ಆ ಕಾಗದ ಕಿವಿಯಲ್ಲೇ ಇತ್ತು.

ಮುಂದಿನ ಕಂಟಕ ಏರುವ ಮೆಟ್ಟಿಲು. ವೈನಿ ನಿರಿಗೆ ಎತ್ತಿ ಹಿಡಿದು “ಪಾಂಡುರಂಗಾ” ಅಂತ ಕಾಲಿಟ್ಟರು, ಮೇಲೆ ಹೋಗಿ ಮುಟ್ಟಿದರು, ಇಳಿಯುವಾಗ ಮಾತ್ರ ನಮ್ಮಾಕೆಯ ಕೊರಳು ಅಪ್ಪಿಕೊಂಡರು. ಇದರಲ್ಲಿ ನಾಚುವಂಥದ್ದೇನೂ ಇಲ್ಲ. 1898ರಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿ ಇಂಥ ಮೆಟ್ಟಿಲು ಹಾಕಿದಾಗ, ಹತ್ತಿ ಬಂದ ಗಿರಾಕಿಗಳ ಎದೆ ಹಗುರಾಗಲಿ ಅಂತ ಮೇಲೆ ಬ್ರಾಂಡಿ ಹಿಡಿದು ಆಳುಗಳು ನಿಂತಿರುತ್ತಿದ್ದರಂತೆ. ನಮ್ಮ ವೈನಿ ಕೊರಳಲ್ಲಿ ತುಳಸಿಮಾಲೆ ಇರುವ ವಾರಕರಿ, ಬ್ರಾಂಡಿ ಮುಟ್ಟುವವರಲ್ಲ. ಆದರೆ ಆ ಹೊತ್ತಿಗೆ ಒಂದು ಕಪ್ಪು ಚಹಾ ಹಿಡಿದು ಯಾರಾದರೂ ನಿಂತಿದ್ದರೆ ಅವರ ಮಾತೇ ಬೇರೆ ಇರುತ್ತಿತ್ತು. ಚಹಾ ಎಲ್ಲಿ ಅಂತ ಕೇಳಿದೆವು. ನಾಲ್ಕನೆಯ ಮಜಲೆಯಲ್ಲಿ ಇದೆಯಂತೆ, ರೊಕ್ಕ ಕೊಟ್ಟು ಕುಡಿಯಬೇಕಂತೆ.

ಗಂಡಸರ ಅರಿವಿ ಇರುವ ಕಡೆ ಅಣ್ಣ ಒಂದು ಅಂಗಿ ಹಿಡಿದು, ಬೆರಳ ನಡುವೆ ತಿಕ್ಕಿ ನೋಡಿ, “ಇದು ಇಚಲಕರಂಜಿ ಅರಿವಿನ ಅನಸ್ತೈತಿ” ಅಂದ. ಬೆಲೆಚೀಟಿ ತಿರುವಿದ. 3,299 ರೂಪಾಯಿ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಗಿಳಿದು ಕೂತ ಮೇಲೆ ಸರ್ಕಾರ ಟನ್ ಕಬ್ಬಿಗೆ 3,300 ಅಂತ ತೀರ್ಮಾನ ಮಾಡಿತ್ತು. ಅಣ್ಣ ಚೀಟಿಯನ್ನು ಇನ್ನೊಮ್ಮೆ ನೋಡಿದ. “ಒಂದು ಟನ್ನಿಗೆ ಒಂದ ಅಂಗಿ. ಮ್ಯಾಲ ಒಂದು ರೂಪಾಯಿ ಉಳೀತೈತಿ.”

ಅಲ್ಲಿಂದ ಮುಂದೆ ಇಡೀ ಸ್ಟೋರು ಟನ್ನಿಗೆ ತಿರುಗಿತು. ಸೂಟು ಹತ್ತು ಟನ್. ಕೈಚೀಲ ಎರಡೂವರೆ. ಕನ್ನಡಿಯೊಳಗೆ ಹೊಳೆಯುತ್ತಿದ್ದ ಲೆಹಂಗಾ ಹದಿನಾಲ್ಕು ಟನ್, ಕಟಾವಿನ ಖರ್ಚು ಬೇರೆ. ನನಗೂ ಈ ಅಳತೆಯೇ ಅನುಕೂಲ ಅನಿಸಿತು. ರೂಪಾಯಿ ಅಂದರೆ ಬರೀ ಅಂಕಿ. ಟನ್ನು ಅಂದಾಗ ನೀರು ಹಾಯಿಸಿದ ರಾತ್ರಿ, ಕರೆಂಟು ಹೋದ ಹೊತ್ತು, ಫ್ಯಾಕ್ಟರಿ ಮುಂದೆ ಸಾಲಾಗಿ ನಿಂತ ಟ್ರ್ಯಾಕ್ಟರು ಎಲ್ಲವೂ ಕಣ್ಣೆದುರು ಬರುತ್ತವೆ, ಕೈ ತಾನೇ ಹಿಂದೆ ಸರಿಯುತ್ತದೆ.

ಕೂಡಲು ಎಲ್ಲಿಯೂ ಒಂದು ಕುರ್ಚಿ ಇರಲಿಲ್ಲ. ವೈನಿ ಮತ್ತು ನಮ್ಮಾಕೆ ಗೊಂಬೆಗಳನ್ನು ನಿಲ್ಲಿಸಿದ ಕಟ್ಟೆಯ ಮೇಲೆ ಕೂತುಬಿಟ್ಟರು. ಹಿಂದೆ ಐದು ಗೊಂಬೆ, ಮುಂದೆ ಇವರಿಬ್ಬರು. ಯಾರೋ ಒಬ್ಬ ಹುಡುಗಿ ಬಂದು ವೈನಿಯ ಇಳಕಲ್ ಸೀರೆಯ ಸೆರಗು ಹಿಡಿದು ಬೆಲೆಚೀಟಿ ಹುಡುಕತೊಡಗಿದಳು. ವೈನಿ ಕಣ್ಣು ಪಿಳುಕಿಸಿದ್ದೇ ತಡ, ಕಿಟಾರನೆ ಕಿರಿಚಿ ಎರಡು ಹೆಜ್ಜೆ ಹಿಂದೆ ಹಾರಿದಳು.

ನಿಜವಾದ ತೊಡಕು ಬಂದದ್ದು ಸೀರೆಯ ವಿಭಾಗದಲ್ಲಿ. ವೈನಿಯ ಸೆರಗಿನ ಗಂಟಿನಲ್ಲಿ ಒಂದು ಯಾದಿ ಇತ್ತು. ಬೀಗತಿಗೆ ಒಂದು, ಸ್ವಂತ ನಾದಿನಿಯರಿಗೆ ಒಂದು ತರಹ, ದೊಡ್ಡಪ್ಪನ ಕಡೆಯ ನಾದಿನಿಯರಿಗೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ಹೋದ ಮದುವೆಯಲ್ಲಿ ಹರಕು ಸೀರೆ ಕೊಟ್ಟ ಒಬ್ಬ ಅತ್ಯಾಗೆ ಅಷ್ಟೇ ಹರಕಾದದ್ದು, ಆದರೆ ನೋಡಲಿಕ್ಕೆ ಹಾಗೆ ಕಾಣಬಾರದು. ಇಚಲಕರಂಜಿಯ ಶೇಠಜಿಗೆ ಇದನ್ನೆಲ್ಲ ಬಿಡಿಸಿ ಹೇಳುವ ಜರೂರಿಲ್ಲ. “ಉಡೂ ಸೀರಿನೋ, ಕೊಡೂ ಸೀರಿನೋ?” ಅಂತ ಒಂದು ಮಾತು ಕೇಳುತ್ತಾನೆ. ಕೊಡುವ ಸೀರೆ ಅಂದರೆ “ಯಾರಿಗಿ?” ಅನ್ನುತ್ತಾನೆ. ಸಂಬಂಧ ಹೇಳಿದರೆ ಸಾಕು, ಆ ಸಂಬಂಧದ ಬೆಲೆಯ ಗಂಟು ಕಪಾಟಿನಿಂದ ಇಳಿಯುತ್ತದೆ. ಅವನ ಅಂಗಡಿಯನ್ನು ಜೋಡಿಸಿದ್ದೇ ನಮ್ಮ ಬಳಗದ ಲೆಕ್ಕದಲ್ಲಿ.

ಇಲ್ಲಿ ಬಣ್ಣದ ಲೆಕ್ಕ, ಕಂಪನಿಯ ಲೆಕ್ಕ, ಎಸ್ಸು ಎಮ್ಮು ಎಲ್ಲು ಎಂಬ ಮೈಯ ಲೆಕ್ಕ. ವೈನಿ ಸೇಲ್ಸಿನ ಹುಡುಗಿಗೆ ತಾಳ್ಮೆಯಿಂದ ತಿಳಿಸಿದರು: “ನೋಡವಾ, ಆಯೇರಿ ಸೀರಿ ಬೇಕು. ಸಿಟ್ಟ ಬರಬಾರದು, ಖುಷೀನೂ ಆಗಬಾರದು, ಅಂಥಾದ್ದು ತೋರಸು.” ಆ ಹುಡುಗಿ ಮೊಬೈಲಿನಲ್ಲಿ ಏನೋ ಒತ್ತಿ ನೋಡಿ, “ಮ್ಯಾಮ್, ಆ ಬ್ರ್ಯಾಂಡ್ ನಮ್ಮಲ್ಲಿ ಇಲ್ಲ” ಅಂದಳು.

1852ರ ಸುಮಾರಿಗೆ ಪ್ಯಾರಿಸಿನಲ್ಲಿ ಬೂಸಿಕೋ ಎಂಬುವನು ಬೋನ್ ಮಾರ್ಶೆ ಅಂಗಡಿಯನ್ನು ಬೆಳೆಸಿದಾಗ ಮಾಡಿದ ದೊಡ್ಡ ಕ್ರಾಂತಿ ಎರಡು. ಬೆಲೆಯನ್ನು ಚೀಟಿಯಲ್ಲಿ ಬರೆದು ಅಂಟಿಸಿದ, ಕೊಳ್ಳದವರೂ ಒಳಗೆ ಬಂದು ನೋಡಿ ಹೋಗಬಹುದು ಎಂದ. ಅಲ್ಲಿಯತನಕ ಅಲ್ಲಿನವರೂ ನಮ್ಮಂತೆಯೇ ಚೌಕಾಶಿ ಮಾಡುತ್ತಿದ್ದರು. ಬೂಸಿಕೋ ಒಳ್ಳೆಯವನೇ ಇರಬೇಕು. ಆದರೆ ಅವನ ಮನೆಯಲ್ಲಿ ನಮ್ಮ ಬೇಡಕಿಹಾಳದ ಪ್ರಮಾಣದ ನಾದಿನಿಯರು ಇದ್ದಿದ್ದರೆ ಅಂಗಡಿಯ ನಕ್ಷೆಯೇ ಬೇರೆ ಆಗುತ್ತಿತ್ತು.

ಇಷ್ಟರಲ್ಲಿ ಅಣ್ಣನ ಸುತ್ತ ಮೂವರು ಹುಡುಗರು ನೆರೆದಿದ್ದರು. ನುಣ್ಣನೆಯ ನೆಲದ ಮೇಲೆ ಅವನ ಚಪ್ಪಲಿ ಕಿರ್ ಕಿರ್ ಅನ್ನುತ್ತಿತ್ತು. ಅವರು ಕೇಳಿದ್ದು ಒಂದೇ: “ಸರ್, ಒರಿಜಿನಲ್ಲಾ?”

ಅವರಿಗೆ ಸುದ್ದಿ ಗೊತ್ತಿತ್ತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋದಲ್ಲಿ ಥೇಟ್ ಕೊಲ್ಹಾಪುರಿಯಂಥ ಚಪ್ಪಲಿ ಹಾಕಿಸಿ ಹುಡುಗರನ್ನು ನಡೆಸಿತು, ಯಾವ ಊರಿನದು ಅಂತ ಬಾಯಿ ಬಿಡಲಿಲ್ಲ. ಇಲ್ಲಿ ಗದ್ದಲ ಎದ್ದ ಮೇಲೆ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, 2,000 ಜೋಡಿ ಇಲ್ಲಿಯೇ ಮಾಡಿಸಿ ಜೋಡಿಗೆ ಸುಮಾರು 800 ಯೂರೋಗೆ ಮಾರುವುದಾಗಿ ಹೇಳಿತು. ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿ, ಮದಭಾವಿ ಕಡೆಯ ಸಮಗಾರ ಮನೆಗಳಲ್ಲಿ ಎಷ್ಟೋ ತಲೆಮಾರುಗಳಿಂದ ಈ ಚಪ್ಪಲಿ ಹೊಲಿಯುತ್ತಾರೆ. 2019ರ ಭೌಗೋಳಿಕ ಗುರುತು ಕೂಡ ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಬಂದದ್ದು, ಅದರಲ್ಲಿ ಬೆಳಗಾವಿಯೂ ಒಂದು. ಅಣ್ಣನ ಜೋಡು ಅಥಣಿಯದೇ.

800 ಯೂರೋ ಅಂದರೆ 84 ಸಾವಿರದ ಆಸುಪಾಸು ಅಂತ ನಾನು ಹೇಳಿದೆ. ಅಣ್ಣ ಬೆರಳು ಮಡಚಿದ. “ಇಪ್ಪತ್ತೈದು ಟನ್!” ಅಂದವನೇ ಎರಡು ಟ್ರೇಲರ್ ಕಬ್ಬಿನ ಮೇಲೆ ತಾನು ನಿಂತಿದ್ದೇನೆ ಎಂಬಂತೆ ಕಾಲು ನೋಡಿಕೊಂಡ. ಆಮೇಲೆ ಮೆತ್ತಗೆ ಕಾಲು ಎತ್ತಿಡತೊಡಗಿದ. ಧೋತರ ಬಾಗಿಲಲ್ಲಿ ನಿಂತದ್ದೂ ಇದೇ ಊರಿನಲ್ಲಿ, ಅದರ ಕೆಳಗಿನ ಚಪ್ಪಲಿ ಸರ್ ಅನ್ನಿಸಿಕೊಂಡದ್ದೂ ಇದೇ ಊರಿನಲ್ಲಿ.

ಕೊನೆಗೆ ಅಣ್ಣನ ಮಗಳು ತನಗೊಂದು ಕುರ್ತಾ ತಗೊಂಡಳು. ಬಿಲ್ಲಿನ ಕಟ್ಟೆಯಲ್ಲಿ ಮೊಬೈಲ್ ನಂಬರು ಕೇಳಿದರು, ಹುಟ್ಟಿದ ದಿನ ಕೇಳಿದರು, ಕ್ಯಾರಿ ಬ್ಯಾಗಿಗೆ ಬೇರೆ ರೊಕ್ಕ ಅಂದರು. ವೈನಿ ಸೊಂಟದಿಂದ ಇಚಲಕರಂಜಿ ಅಂಗಡಿಯ ಹಳದಿ ಚೀಲ ಹೊರಗೆಳೆದು ಝಾಡಿಸಿದರು. ಅದರಿಂದ ಒಂದು ಒಣ ಮೆಣಸಿನಕಾಯಿ ಬಿತ್ತು. ಕುರ್ತಾ ಒಳಗೆ ಹೋಯಿತು.

ಊರಿಗೆ ಬಂದ ಮೇಲೆ ಬಸ್ತಾ ಇಚಲಕರಂಜಿಗೇ ಗಟ್ಟಿಯಾಯಿತು. ಹೋಗಿ ನೋಡಿದರೆ ಗಾದಿ ಮಾಯ! ಶೇಠಜಿಯ ಮಗ ಅಂಗಡಿಗೆ ಮೂರು ಮಜಲೆ ಏರಿಸಿ, ಗಾಜು ಹಾಕಿಸಿ, ಗೊಂಬೆ ನಿಲ್ಲಿಸಿ, ಹೊರಗೆ ‘ಮಾಲ್’ ಅಂತ ಫಲಕ ಬರೆಸಿದ್ದ. ಈಗ ನಮ್ಮ ಸೀಮೆಯಲ್ಲಿ ಎರಡು ಮಜಲೆ, ಒಂದು ಎಸಿ ಇದ್ದರೆ ಅದು ಮಾಲೇ. ಬಾಗಿಲಲ್ಲಿ ಫುಸ್ ಅನಿಸುವ ಹುಡುಗನೂ ಇದ್ದ. ಅಣ್ಣ ಎಡಗಿವಿ ಮುಂದೆ ಮಾಡಿದ. ಮುದುಕ ಶೇಠಜಿಯನ್ನು ಮೂಲೆಯ ಗಿರಕಿ ಕುರ್ಚಿಯಲ್ಲಿ ಕೂರಿಸಿದ್ದರು. ನಮ್ಮನ್ನು ಕಂಡವನೇ ಗೊಂಬೆಗಳ ನಡುವೆ ಜಮಖಾನೆ ಹಾಸಿಸಿ, “ಉಡೂವು ಎಷ್ಟು, ಕೊಡೂವು ಎಷ್ಟು?” ಅಂತ ಶುರು ಮಾಡಿದ. ವೈನಿಯ ಯಾದಿ ಮೂರು ಚಹಾದಲ್ಲಿ ಮುಗಿಯಿತು. ಹರಕು ಸೀರೆಯ ಅತ್ಯಾನ ಹಿಸಾಬೂ ಚುಕ್ತಾ ಆಯಿತು.

ಮಗ ಕಂಪ್ಯೂಟರಿನಿಂದ ಉದ್ದದ ಬಿಲ್ಲು ಹರಿದು ಕೊಟ್ಟ. ಶೇಠಜಿ ಅದನ್ನು ಇಸಗೊಂಡು, ಪೆನ್ನಿನಿಂದ ಕೆಳಗಿನ ಅಂಕಿ ಹೊಡೆದುಹಾಕಿ, ದುಂಡಗೆ ಇನ್ನೊಂದು ಅಂಕಿ ಬರೆದ. ಮಗ “ಬಾಬಾ, ಸಿಸ್ಟಮ್ ತಗೋಳಂಗಿಲ್ಲ” ಅಂದ.

“ಇವರ ಲಗ್ನದ ಬಸ್ತಾನೂ ನಾನ ಕಟ್ಟೇನಿ ಅಂತ ಹೇಳು ನಿನ್ನ ಸಿಸ್ಟಮ್ಮಿಗಿ. ಅರ್ಧ ಈಗ, ಅರ್ಧ ಕಬ್ಬಿನ ಬಿಲ್ಲ ಬಂದ ಮ್ಯಾಲ.”

ಮಗ ಪರದೆಯ ಮೇಲೆ ಬಹಳ ಹೊತ್ತು ಹುಡುಕಿದ. ಕ್ಯಾಶ್, ಕಾರ್ಡ್, ಯುಪಿಐ, ಗಿಫ್ಟ್ ವೋಚರ್ ಎಲ್ಲ ಇದ್ದವು, ಕಬ್ಬು ಇರಲಿಲ್ಲ. ಕಡೆಗೆ ‘ಅದರ್ಸ್’ ಒತ್ತಿದ.