ಮೋಜು ಸಮಿತಿಯ ಸಂಚಾಲಕರು

ಬೆಂಗಳೂರಿನ ಹೊರವರ್ತುಲ ರಸ್ತೆಯ ಇಕ್ಕೆಲದ ಗಾಜಿನ ಕಟ್ಟಡಗಳಲ್ಲಿ, ಅಂದರೆ ಒಡೆತನ ಹೊರದೇಶದಲ್ಲಿದ್ದು ದುಡಿಮೆಯ ಬಹುಪಾಲು ಇಲ್ಲಿಯೇ ನಡೆಯುವ ಕಚೇರಿಗಳಲ್ಲಿ, ಎಚ್.ಆರ್. ವಿಭಾಗದ ಆಶ್ರಯ ಪಡೆದು ಬೆಳೆದುಬಂದ ಒಂದು ವಿಶಿಷ್ಟ ವರ್ಗವೆಂದರೆ ಮೋಜು ಸಮಿತಿಯ ಸಂಚಾಲಕರದು. 'ಫನ್ ಕಮಿಟಿ' ಎಂದು ಕರೆಯಲಾಗುವ ಈ ಸಮಿತಿಯ ಉದ್ದೇಶ, ಬೆಂಗಳೂರು, ವಾರ್ಸಾ, ಟೋಕಿಯೊ ಮತ್ತು ಮನಿಲಾಗಳಲ್ಲಿ ಕುಳಿತು ಒಂದೇ ತಂತ್ರಾಂಶವನ್ನು ರಿಪೇರಿ ಮಾಡುವ ಸಿಬ್ಬಂದಿಯಲ್ಲಿ ತಾವೆಲ್ಲ ಒಂದೇ ಕುಟುಂಬವೆಂಬ ಭಾವನೆ ಮೂಡಿಸುವುದು. ಕುಟುಂಬಗಳಲ್ಲಿ ಸಾಮಾನ್ಯವಾಗಿ ಏನೇನು ನಡೆಯುತ್ತದೆಂದು ಸಮಿತಿ ವಿಚಾರಿಸಿದಂತಿಲ್ಲ.

ಸಂಚಾಲಕರ ಸ್ವಭಾವವು ಎಲೆ ಮುಚ್ಚಿದ ಮೇಲೂ ಇನ್ನೊಂದು ಹೋಳಿಗೆ ಹಾಕುವ ಸೋದರಮಾವನದು. ಮೋಜಿಗೆ ಅವರು ಗೊತ್ತುಮಾಡಿದ ವೇಳೆ ಶುಕ್ರವಾರ ಮಧ್ಯಾಹ್ನ 3 ಗಂಟೆ. ಆಗ ವಾರ್ಸಾದಲ್ಲಿ, ಚಳಿಗಾಲವಾದರೆ, ಬೆಳಗಿನ 10.30, ಟೋಕಿಯೊದಲ್ಲಿ ಸಂಜೆ 6.30. ಹೀಗಾಗಿ ಒಂದೂರಿನವರು ಕೆಲಸಕ್ಕೆ ಕೈಹಚ್ಚಿರುವಾಗ, ಮತ್ತೊಂದೂರಿನವರು ಮನೆಯ ರೈಲಿಗೆ ಹೊರಟಿರುವಾಗ, ಇಬ್ಬರೂ ಕ್ಯಾಮೆರಾ ತೆರೆದು ನಗಬೇಕಾಗುತ್ತದೆ. ಭಾಗವಹಿಸುವುದು ಐಚ್ಛಿಕವೆಂದು ಆಹ್ವಾನದಲ್ಲಿ ಬರೆದಿರುತ್ತದೆ. ಬಾರದವರ ಹೆಸರು ಮ್ಯಾನೇಜರಿಗೆ ಹೋಗುತ್ತದೆಂಬುದನ್ನು ಮಾತ್ರ ಬರೆದಿರುವುದಿಲ್ಲ.

ಅಪರಿಚಿತರ ಸಂಕೋಚ ಕಳೆಯಲೆಂದು ಆಡಿಸುವ ಆಟಗಳಿಗೆ ಐಸ್‌ಬ್ರೇಕರ್ ಎನ್ನುತ್ತಾರೆ. ಇವುಗಳಲ್ಲಿ ಸಂಚಾಲಕರಿಗೆ ಪ್ರಿಯವಾದುದು, ಪ್ರತಿಯೊಬ್ಬರೂ ತಮ್ಮ ಬಗ್ಗೆ ಎರಡು ನಿಜ, ಒಂದು ಸುಳ್ಳು ಹೇಳಿ, ಸುಳ್ಳು ಯಾವುದೆಂದು ಉಳಿದವರು ಊಹಿಸುವ ಆಟ. ಬೆಂಗಳೂರಿನ ತರುಣನೊಬ್ಬ ಬೆಳಿಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಐದೇ ನಿಮಿಷದಲ್ಲಿ ದಾಟಿದೆನೆಂದಾಗ, ಆ ಜಾಗವನ್ನು ಕಣ್ಣಾರೆ ಕಾಣದ ಟೋಕಿಯೊದವರೇ ಎಲ್ಲರಿಗಿಂತ ಮೊದಲು ಕೈಯೆತ್ತಿದರು. ತಡವಾದುದಕ್ಕೆಲ್ಲ ಅದೇ ಕಾರಣವನ್ನು ಅವರು ವರ್ಷಗಳಿಂದ ಕೇಳುತ್ತ ಬಂದಿದ್ದರು.

ಹಬ್ಬಗಳ ವಿಷಯದಲ್ಲಿ ಸಂಚಾಲಕರ ಔದಾರ್ಯಕ್ಕೆ ಎಣೆಯಿಲ್ಲ. ನವೆಂಬರ್ 1ರ ಕನ್ನಡ ರಾಜ್ಯೋತ್ಸವಕ್ಕೆ ಅವರು ಜಗತ್ತಿನ ಎಲ್ಲ ಶಾಖೆಗಳಿಗೂ ಕೆಂಪು-ಹಳದಿ ಬಣ್ಣದ ಛಾಯಾಚಿತ್ರಗಳ ಸ್ಪರ್ಧೆಯನ್ನು ಘೋಷಿಸಿದರು. ಅದೇ ದಿನ ಪೋಲೆಂಡಿನಲ್ಲಿ ಸರ್ವಸಂತರ ದಿನ. ಮನೆಮಂದಿಯೆಲ್ಲ ಸ್ಮಶಾನಕ್ಕೆ ಹೋಗಿ ಅಗಲಿದವರ ಸಮಾಧಿಗಳ ಮೇಲೆ ಬಣ್ಣದ ಗಾಜಿನ ಬುಡ್ಡಿಗಳಲ್ಲಿ ದೀಪ ಹಚ್ಚಿಡುವ ಸರ್ಕಾರಿ ರಜಾದಿನ. ವಾರ್ಸಾದ ಮಹಿಳೆಯೊಬ್ಬರು, ನಮ್ಮಲ್ಲಿ ಇಂದು ಹೀಗಿರುತ್ತದೆಂದು ತಿಳಿಸುವ ಸದುದ್ದೇಶದಿಂದ, ಮುಸ್ಸಂಜೆಯಲ್ಲಿ ಸಾಲುಗಟ್ಟಿ ಉರಿಯುವ ಕೆಂಪು, ಹಳದಿ ದೀಪಗಳ ಚಿತ್ರ ಕಳುಹಿಸಿದರು. ಸಂಚಾಲಕರು ಅದಕ್ಕೆ 'ಅತ್ಯುತ್ತಮ ಅಲಂಕಾರ' ಪ್ರಶಸ್ತಿ ಕೊಟ್ಟು, ಮುಂದಿನ ಸಲ ಇದೇ ಜಾಗದಲ್ಲಿ ಇಡೀ ತಂಡದ ಔತಣ ಇಟ್ಟುಕೊಳ್ಳೋಣವೆಂದು ಎಲ್ಲರಿಗೂ ಬರೆದರು.

ಆ ಸಂಜೆಯೇ ಸಂಚಾಲಕರನ್ನು ಬಿಟ್ಟು ಉಳಿದೆಲ್ಲರಿರುವ ವಾಟ್ಸಾಪ್ ಗುಂಪೊಂದು ಹುಟ್ಟಿತು. ಮನಿಲಾದವರು ಸಂಚಾಲಕರ ಜುಂಬಾ ನೃತ್ಯವನ್ನು ಸ್ಟಿಕರ್ ಮಾಡಿದರು. ಟೋಕಿಯೊದ ಮಿತಭಾಷಿಗಳು ಶುಕ್ರವಾರ ತಪ್ಪಿಸಿಕೊಳ್ಳಲು ಸಭ್ಯವಾದ ನೆಪಗಳನ್ನು ಹೊಸೆದುಕೊಟ್ಟರು. ಬೆಂಗಳೂರಿನವರು ಅವುಗಳಿಗೆ ಟ್ರಾಫಿಕ್ಕಿನ ಚಿತ್ರ ಲಗತ್ತಿಸಿದರು. ವರ್ಷಾಂತ್ಯದ ಸಮೀಕ್ಷೆಯಲ್ಲಿ ದೇಶದೇಶಗಳ ಸಿಬ್ಬಂದಿಯ ನಡುವೆ ಆತ್ಮೀಯತೆ ಗಣನೀಯವಾಗಿ ಬೆಳೆದಿದೆಯೆಂದು ಕಂಡುಬಂದುದರಿಂದ, ಸಂಚಾಲಕರು ಗುರುವಾರವನ್ನೂ ಮೋಜಿಗೆ ಮೀಸಲಿಡುವಂತೆ ಆಡಳಿತಕ್ಕೆ ಪ್ರಸ್ತಾವ ಸಲ್ಲಿಸಿದ್ದಾರೆ.