ಪರದೆಯ ಸಂದಿನಲ್ಲೊಂದು ಕೈ

ರಾಜಾಜಿನಗರದವರಿಗೆ ಒಂದು ಹಳೆಯ ಕೊರಗಿದೆ. ಸಿನಿಮಾದವರು ಬೇಕೆಂದರೆ ನಮಗೆ ಬರವಿಲ್ಲ. ನವರಂಗ್ ಮುಂದೆ ಕಟೌಟ್ ಎದ್ದ ದಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತರೆ ಯಾರಾದರೊಬ್ಬರು ಹಾರದ ರಾಶಿಯೊಳಗಿಂದ ಕೈ ಬೀಸಿಯೇ ಬೀಸುತ್ತಾರೆ. ಕ್ರಿಕೆಟಿನವರು ಮಾತ್ರ ನಮ್ಮ ಕಡೆ ತಲೆಹಾಕುವುದಿಲ್ಲ. ದ್ರಾವಿಡ್ ಅಂದರೆ ಇಂದಿರಾನಗರ, ಸ್ಟೇಡಿಯಂ ಅಂದರೆ ಕಬ್ಬನ್ ಪಾರ್ಕಿನ ಆಚೆ ಮಗ್ಗುಲು. ಮೆಟ್ರೋ ಬರುವ ಮುಂಚೆ ಇಲ್ಲಿಂದ ಅಲ್ಲಿಗೆ ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಅಲ್ಲಿ ಎರಡು ವಿಕೆಟ್ ಬಿದ್ದಿರುತ್ತಿದ್ದವು. ಹೀಗಾಗಿ ಪಶ್ಚಿಮ ಬೆಂಗಳೂರಿನಲ್ಲಿ ಕ್ರಿಕೆಟಿಗರನ್ನು ಕಣ್ಣಾರೆ ನೋಡುವ ಆಸೆ ಒಂದು ವ್ರತದ ಮಟ್ಟಕ್ಕೆ ಬೆಳೆಯಿತು. ನಮ್ಮ ಮನೆತನದಲ್ಲಿ ಆ ವ್ರತ ಹಿಡಿದ ಮೊದಲಿಗರು ನನ್ನ ಸೋದರಮಾವ.

ಮಾವ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸಕ್ಕಿದ್ದರು. ಊರಲ್ಲಿ ಅರವತ್ತು ದಾಟಿದ ಎಲ್ಲ ಗಂಡಸರಂತೆ ಅವರೂ ಜಿ. ಆರ್. ವಿಶ್ವನಾಥ್ ಅವರನ್ನು ಏಕವಚನದಲ್ಲೇ ಕರೆಯುತ್ತಾರೆ. ‘ವಿಶಿ ನಮ್ಮೋನು ಕಣೋ’ ಅನ್ನುವಾಗ ಭದ್ರಾವತಿಯಲ್ಲಿ ಇಬ್ಬರೂ ಒಂದೇ ಬೀದಿಯಲ್ಲಿ ಗೋಲಿ ಆಡಿದವರ ಹಾಗೆ ಕೇಳಿಸುತ್ತದೆ. ಮಾವ ಭದ್ರಾವತಿ ನೋಡಿದವರಲ್ಲ. 1974ರ ನವೆಂಬರಿನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಡೆದ ಮೊಟ್ಟಮೊದಲ ಟೆಸ್ಟಿಗೆ ಮಾತ್ರ ಖಂಡಿತ ಹೋಗಿದ್ದರು. ಟಿಕೆಟಿನ ಚೂರು ಇನ್ನೂ ದೇವರ ಮನೆಯ ಡ್ರಾಯರಿನಲ್ಲಿದೆ. ‘ಗಾರ್ಡನ್ ಗ್ರೀನಿಜ್‌ಗೆ ಅದೇ ಮೊದಲನೇ ಟೆಸ್ಟು, ವಿವಿಯನ್ ರಿಚರ್ಡ್ಸ್‌ಗೂ ಅದೇ ಮೊದಲನೇ ಟೆಸ್ಟು, ನನಗೂ ಅದೇ ಮೊದಲನೇ ಟೆಸ್ಟು’ ಎಂದು ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ.

ದೂರದಿಂದ ನೋಡಿದ್ದು ಸಾಲದೆ, ಮಾತಾಡಿಸಬೇಕು ಅನ್ನಿಸಿತು. ಆ ಕಾಲದಲ್ಲಿ ಬರೀ ಟೆಸ್ಟ್ ಆಡಿ ಸಂಸಾರ ತೂಗಿಸುವುದು ಸಾಧ್ಯವಿರಲಿಲ್ಲ. ಆಟಗಾರರನ್ನು ಬ್ಯಾಂಕುಗಳೇ ಸಾಕುತ್ತಿದ್ದವು. ವಿಶ್ವನಾಥ್ ಸ್ಟೇಟ್ ಬ್ಯಾಂಕಿನವರು ಎಂದು ಯಾರೋ ಹೇಳಿದ್ದೇ ತಡ, ಮಾವ ಹತ್ತಿರದ ಸ್ಟೇಟ್ ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆದರು. ಒಂದು ಶನಿವಾರ ಹತ್ತು ರೂಪಾಯಿ ಕಟ್ಟುವುದು, ಮುಂದಿನ ಶನಿವಾರ ಅದೇ ಹತ್ತು ರೂಪಾಯಿ ತೆಗೆಯುವುದು. ಕೊನೆಗೆ ಕೌಂಟರಿನ ಗುಮಾಸ್ತರೇ ಕನ್ನಡಕ ಕೆಳಗಿಳಿಸಿ, ‘ನಿಮಗೆ ದುಡ್ಡು ಬೇಕೋ ಬೇಡವೋ ಮೊದಲು ತೀರ್ಮಾನ ಮಾಡಿ ಸ್ವಾಮಿ’ ಅಂದರಂತೆ. ಮಾವ ವಿಷಯ ಬಾಯಿಬಿಟ್ಟರು. ‘ವಿಶ್ವನಾಥ್ ಈ ಬ್ರಾಂಚಿನಲ್ಲಿಲ್ಲ. ಈಗಂತೂ ದೇಶದಲ್ಲೇ ಇಲ್ಲ, ಟೂರ್ ಹೋಗಿದ್ದಾರೆ’ ಎಂಬ ಉತ್ತರ ಬಂತು. ಆ ಖಾತೆ ಮಾತ್ರ ಉಳಿಯಿತು. ಮಾವನ ಜೀವನದಲ್ಲಿ ಉಳಿತಾಯ ಅಂತ ಏನಾದರೂ ಆಗಿದ್ದರೆ ಅದಕ್ಕೆ ವಿಶ್ವನಾಥ್ ಅವರೇ ಕಾರಣ ಎಂದು ಅತ್ತೆ ಈಗಲೂ ಹೇಳುತ್ತಾರೆ.

ಇಷ್ಟಾದರೂ ಮಾವನ ಭರವಸೆ ಕುಗ್ಗಲಿಲ್ಲ. 1980ರ ಮುಂಬೈ ಟೆಸ್ಟಿನಲ್ಲಿ ನಾಯಕ ವಿಶ್ವನಾಥ್, ಅಂಪೈರ್ ಔಟ್ ಕೊಟ್ಟು ಹೊರಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ತಾವಾಗಿಯೇ ವಾಪಸು ಕರೆದರು. ಆ ಪಂದ್ಯ ನಾವು ಸೋತೆವು. ಅದು ಬೇರೆ ಮಾತು. ಮಾವನ ತರ್ಕ ಹೀಗಿತ್ತು: ‘ಔಟಾದವನನ್ನೇ ವಾಪಸ್ ಕರೆದ ಮನುಷ್ಯ, ಗೇಟಲ್ಲಿ ನಿಂತ ನನ್ನನ್ನ ಒಳಗೆ ಕರೆಯದೆ ಇರ್ತಾನಾ?’

ಎರಡನೆಯ ತಲೆಮಾರಿನ ವ್ರತಧಾರಿ ಕೆಂಗೇರಿ ಉಪನಗರದ ನಮ್ಮ ದೊಡ್ಡಪ್ಪನ ಮಗ. ಅವನಿಗೆ ಅದೃಷ್ಟ ಕಾಲಬುಡಕ್ಕೇ ಬಂದಿತ್ತು. ಮೈಸೂರು ರಸ್ತೆಯ ಆರ್. ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅನಿಲ್ ಕುಂಬ್ಳೆ ಮೆಕ್ಯಾನಿಕಲ್ ಓದುತ್ತಿದ್ದ ಕಾಲ ಅದು. 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದಾಗಲೂ ಅವರು ಓದು ಮುಗಿಸಿರಲಿಲ್ಲ. ಪಶ್ಚಿಮ ಬೆಂಗಳೂರಿನ ಪಾಲಿಗೆ ಸಿಕ್ಕ ಇಂಥ ಕ್ರಿಕೆಟಿಗ ಇನ್ನೊಬ್ಬರಿಲ್ಲ. ಅಣ್ಣನ ಲೆಕ್ಕಾಚಾರ ಸರಳ: ಟೆಸ್ಟ್ ಆಡಲಿ, ಏನೇ ಆಡಲಿ, ಅಟೆಂಡೆನ್ಸ್ ಶಾರ್ಟೇಜ್ ಯಾರನ್ನೂ ಬಿಟ್ಟಿದ್ದಲ್ಲ, ಒಂದಲ್ಲ ಒಂದು ದಿನ ಹುಡುಗ ಕಾಲೇಜಿಗೆ ಬರಲೇಬೇಕು. ಇವನು ಕಾಲೇಜಿನೆದುರು ಬಸ್ ಸ್ಟಾಪಿನಲ್ಲಿ ಠಿಕಾಣಿ ಹೂಡಿದ.

ಗುರುತು ಹಿಡಿಯುವುದೇ ಕಷ್ಟವಾಯಿತು. ಆಗ ಕುಂಬ್ಳೆ ಕನ್ನಡಕ ಹಾಕಿಕೊಂಡು ಆಡುತ್ತಿದ್ದರು. ಎತ್ತರದ ಆಳು, ತೆಳ್ಳನೆಯ ಮೈ, ದಪ್ಪ ಕನ್ನಡಕ, ಗಂಭೀರ ಮುಖ. ಎಂಜಿನಿಯರಿಂಗ್ ಕಾಲೇಜಿನ ಗೇಟಿನಿಂದ ಇಂಥವರು ಮೂವರಲ್ಲಿ ಒಬ್ಬರಂತೆ ಹೊರಬೀಳುತ್ತಾರೆ. ಒಂದು ಸಂಜೆ ಧೈರ್ಯ ಮಾಡಿ ಒಬ್ಬನನ್ನು ತಡೆದು ನಿಲ್ಲಿಸಿ, ‘ನೀವು ಅನಿಲ್ ಕುಂಬ್ಳೆನಾ?’ ಎಂದು ಕೇಳಿದ. ಆತ ಬಹಳ ಯೋಚಿಸಿ, ‘ಅಲ್ಲ, ನಾನು ಎಲೆಕ್ಟ್ರಿಕಲ್’ ಎಂದು ಬಸ್ಸು ಹತ್ತಿದ. 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಇಡೀ ಊರು ಪಟಾಕಿ ಹೊಡೆಯಿತು. ಅಣ್ಣ ಮಾತ್ರ ಆ ಎಲೆಕ್ಟ್ರಿಕಲ್ ಹುಡುಗ ಈಗ ಎಲ್ಲಿರಬಹುದು ಎಂದು ಯೋಚಿಸುತ್ತಾ ಕೂತಿದ್ದ.

ನನ್ನ ದೀಕ್ಷೆ ಆದದ್ದು 1996ರ ಅಕ್ಟೋಬರ್ 21ರಂದು. ಟೈಟನ್ ಕಪ್, ಆಸ್ಟ್ರೇಲಿಯ ಎದುರಾಳಿ, ಹೊನಲು ಬೆಳಕಿನ ಪಂದ್ಯ. ಮಾವ ಎಲ್ಲಿಂದಲೋ ಎರಡು ಟಿಕೆಟ್ ತಂದಿದ್ದರು. ಗೆಲ್ಲಲು 216 ಬೇಕು. ಸಚಿನ್ 88 ಹೊಡೆದು ಔಟಾದಾಗ ಸ್ಕೋರು ಎಂಟು ವಿಕೆಟ್ಟಿಗೆ 164. ಕ್ರೀಸಿನಲ್ಲಿ ಉಳಿದವರು ಇಬ್ಬರು ಬೌಲರುಗಳು, ಶ್ರೀನಾಥ್ ಮತ್ತು ಕುಂಬ್ಳೆ. ಮಾವ ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿದರು. ‘ನಡಿಯೋ. ಮ್ಯಾಚ್ ಮುಗೀತು. ಈಗ್ಲೇ ಹೋದ್ರೆ ಆಟಗಾರರ ಬಸ್ಸು ಬರೋ ಗೇಟಲ್ಲಿ ಮುಂದಿನ ಜಾಗ ಸಿಗುತ್ತೆ.’ ಸೋದರಮಾವನ ಮಾತು ಮೀರುವ ವಯಸ್ಸು ನನ್ನದಲ್ಲ. ಹೋದೆವು. ಮುಂದಿನ ಜಾಗವೇ ಸಿಕ್ಕಿತು. ಸಿಗದೆ ಏನು, ಅಲ್ಲಿ ನಾವಿಬ್ಬರು ಮತ್ತು ಕಡಲೆಕಾಯಿ ಮಾರುವವನೊಬ್ಬ ಬಿಟ್ಟರೆ ನರಪಿಳ್ಳೆ ಇರಲಿಲ್ಲ.

ಆಮೇಲೆ ಗೋಡೆಯ ಒಳಗಿಂದ ಸದ್ದು ಏಳತೊಡಗಿತು. ಮೊದಲು ಒಂದು ಚಪ್ಪಾಳೆ, ಸ್ವಲ್ಪ ಬಿಟ್ಟು ಒಂದು ಕೇಕೆ, ಆಮೇಲೆ ಬಿಡುವೇ ಇಲ್ಲದ ಬೊಬ್ಬೆ. ‘ಏನೋ ಜಗಳ ಆಗ್ತಿರಬೇಕು’ ಅಂದರು ಮಾವ. ಕಡಲೆಕಾಯಿಯವನ ಕಿವಿಗೆ ಟ್ರಾನ್ಸಿಸ್ಟರ್ ಅಂಟಿಕೊಂಡಿತ್ತು. ಅವನು ನಮ್ಮ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ. ಒಳಗೆ ಶ್ರೀನಾಥ್ 30, ಕುಂಬ್ಳೆ 16. ಮುರಿಯದ ಜೊತೆಯಾಟ, ಇನ್ನೂ ಏಳು ಎಸೆತ ಬಾಕಿ ಇರುವಾಗಲೇ ಗೆಲುವು. ಸ್ಟ್ಯಾಂಡಿನಲ್ಲಿ ಕೂತು ಮಕ್ಕಳ ಆಟ ನೋಡುತ್ತಿದ್ದ ಅವರಿಬ್ಬರ ತಾಯಂದಿರ ಮುಖವನ್ನು ಟೀವಿಯಲ್ಲಿ ದೇಶವೆಲ್ಲ ನೋಡಿತು. ಕರ್ನಾಟಕ ಕ್ರಿಕೆಟಿನ ಅತ್ಯಂತ ಸಿಹಿಯಾದ ರಾತ್ರಿಯನ್ನು ನಾವು ಟಿಕೆಟ್ ಕೊಂಡು ಗೋಡೆಯ ಹೊರಗೆ ನಿಂತು ಕೇಳಿಸಿಕೊಂಡೆವು.

ಬಸ್ಸು ಬಂತು ಅನ್ನಿ. ಅಷ್ಟು ಹೊತ್ತಿಗೆ ನಮ್ಮ ಹಿಂದೆ ಜನಸಾಗರ. ಕಿಟಕಿಗಳಿಗೆಲ್ಲ ಪರದೆ. ಒಂದೇ ಒಂದು ಪರದೆಯ ಸಂದಿನಲ್ಲಿ ಒಂದು ಕೈ ಕಾಣಿಸಿತು, ಮೊಣಕೈವರೆಗೆ. ಬೀಸಿತೋ, ಪರದೆ ಎಳೆಯಿತೋ ಹೇಳಲಾರೆ. ‘ಉದ್ದ ಬೆರಳು, ಶ್ರೀನಾಥ್‌ದೇ!’ ಎಂದು ಮಾವ ತೀರ್ಪು ಕೊಟ್ಟರು. ಬಸ್ಸಿನ ಕ್ಲೀನರ್ ಹುಡುಗನಿಗೂ ಬೆರಳುಗಳು ಇರುತ್ತವೆ ಎಂದು ನನಗೆ ತೋಚಿತು, ಹೇಳಲಿಲ್ಲ. ಆ ಕೈ ಇವತ್ತಿಗೂ ನಮ್ಮ ಮನೆಯ ಮದುವೆ ಮುಂಜಿಗಳಲ್ಲಿ ಶ್ರೀನಾಥ್‌ದೇ ಆಗಿದೆ, ಮತ್ತು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಜೋರಾಗಿ ಬೀಸುತ್ತಿದೆ.

ಇನ್ನೂ ಹತ್ತಿರ ಹೋದದ್ದು 2010ರ ಜನವರಿಯಲ್ಲಿ. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ವಿರುದ್ಧ ರಣಜಿ ಫೈನಲ್. ಕೆಂಗೇರಿ ಸ್ಟೇಷನ್ನಿನಲ್ಲಿ ಅಣ್ಣನ ಜೊತೆ ರೈಲು ಹತ್ತಿದೆ. ಅಲ್ಲಿ ನೆಲದ ಮೇಲೆ ಜಾಗವಿಲ್ಲದೆ ಜನ ಮರ ಹತ್ತಿ ಕೂತಿದ್ದರು. ಗೆಲ್ಲಲು 338. ಮನೀಶ್ ಪಾಂಡೆ ಎಂಬ ಇಪ್ಪತ್ತರ ಹುಡುಗ 144 ಹೊಡೆದು ಮೈದಾನವನ್ನೇ ಹುಚ್ಚೆಬ್ಬಿಸಿದ. ಕೊನೆಗೆ ನಾವು 331ಕ್ಕೆ ಆಲೌಟ್. ಆರು ರನ್. ಪಂದ್ಯ ಮುಗಿದ ಮೇಲೆ ಆಟಗಾರರು ನಮ್ಮಿಂದ ಒಂದು ಮಾರು ದೂರದಲ್ಲೇ ಹಾದುಹೋದರು. ಪೊಲೀಸರಿಲ್ಲ, ಪರದೆಯಿಲ್ಲ, ಅಡ್ಡಿಯಿಲ್ಲ. ಜೇಬಿನಲ್ಲಿ ಆಟೋಗ್ರಾಫ್ ಪುಸ್ತಕ, ಪೆನ್ನು, ಪೆನ್ನು ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಪೆನ್ನು. ಆದರೆ ಆ ಮುಖಗಳನ್ನು ನೋಡಿ ಯಾರಿಗೂ ಕೈ ಮೇಲೇಳಲಿಲ್ಲ. ಅಣ್ಣ ತನ್ನ ಪುಸ್ತಕವನ್ನು ಜೇಬಿನಲ್ಲಿ ಇನ್ನೂ ಆಳಕ್ಕೆ ತಳ್ಳಿದ. ಸಂಕ್ರಾಂತಿಯ ಎಳ್ಳುಬೆಲ್ಲ ಬಾಯಲ್ಲಿದ್ದರೂ ವಾಪಸು ಬರುವಾಗ ರೈಲಿನಲ್ಲಿ ಯಾರೂ ಮಾತಾಡಲಿಲ್ಲ.

ದ್ರಾವಿಡ್ ವಿಚಾರ ಬೇರೆಯೇ. ಅವರನ್ನು ಹುಡುಕಿಕೊಂಡು ಹೋಗಬಾರದು, ಸರತಿ ಸಾಲಿನಲ್ಲಿ ನಿಲ್ಲಬೇಕು ಅನ್ನುವುದು ನನ್ನ ಸಿದ್ಧಾಂತ. 2017ರಲ್ಲಿ ಮಕ್ಕಳ ಜೊತೆ ವಿಜ್ಞಾನ ಪ್ರದರ್ಶನವೊಂದರ ಕ್ಯೂನಲ್ಲಿ ಎಲ್ಲ ತಂದೆತಾಯಿಯರ ನಡುವೆ ತಾವೂ ನಿಂತಿದ್ದ ಅವರ ಫೋಟೋ ಊರೆಲ್ಲ ಹರಿದಾಡಿತು. ಅಂದಿನಿಂದ ಮಾವ, ರೇಷನ್ ಅಂಗಡಿಯೇ ಇರಲಿ, ವಿದ್ಯುತ್ ಬಿಲ್ಲಿನ ಕೌಂಟರೇ ಇರಲಿ, ಕ್ಯೂ ಕಂಡಲ್ಲೆಲ್ಲ ತುದಿಯಿಂದ ತುದಿಗೆ ಒಮ್ಮೆ ಕಣ್ಣಾಡಿಸಿಯೇ ನಿಲ್ಲುತ್ತಿದ್ದರು. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಅವರಿಗೊಂದು ಉಪಾಯ ಹೊಳೆಯಿತು. ಎಲ್ಲರೂ ಮತ ಹಾಕಿ ಎಂದು ಬೋರ್ಡಿನಲ್ಲಿ ಹೇಳುತ್ತಿದ್ದವರೇ ದ್ರಾವಿಡ್; ಚುನಾವಣಾ ಆಯೋಗದ ರಾಯಭಾರಿ. ‘ಊರಿಗೆಲ್ಲ ಹೇಳಿದೋರು ತಾವು ಬರದೆ ಇರ್ತಾರಾ? ಬೂತ್ ಯಾವುದು ಅಂತ ಗೊತ್ತಾದ್ರೆ ಸಾಕು’ ಎಂದು ಎರಡು ದಿನ ವಿಚಾರಿಸಿದರು. ಆಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು: ಮನೆ ಬದಲಿಸಿದ್ದರಿಂದ ಮತದಾರರ ಪಟ್ಟಿಯಲ್ಲಿ ದ್ರಾವಿಡ್ ಹೆಸರೇ ಇರಲಿಲ್ಲ. ಮಾವ ಪತ್ರಿಕೆ ಮಡಿಸಿಟ್ಟು, ‘ಗೋಡೆಗೇ ಗೇಟಿಲ್ಲ ಅಂದ್ರೆ ಹೇಗೆ ಒಳಗೆ ಹೋಗೋದು’ ಅಂದರು. ಎರಡು ವರ್ಷ ಬಿಟ್ಟು ಅದೇ ಮನುಷ್ಯ ಜಾಹೀರಾತೊಂದರಲ್ಲಿ ಬ್ಯಾಟು ಹಿಡಿದು ಕಾರಿನ ಕನ್ನಡಿ ಒಡೆದು ‘ಇಂದಿರಾನಗರದ ಗೂಂಡಾ’ ಆದಾಗ, ಭೇಟಿಯ ಯೋಜನೆಯನ್ನು ಅತ್ತೆಯೇ ರದ್ದು ಮಾಡಿದರು.

ಇಷ್ಟೆಲ್ಲ ಪಾಡು ಪಟ್ಟ ಮೇಲೆ ಭೇಟಿಯಾದದ್ದು ನಮ್ಮ ಮನೆಯ ಹತ್ತಿರದ ದರ್ಶಿನಿಯಲ್ಲಿ. ಹೆಸರು ಹೇಳುವುದಿಲ್ಲ, ಎತ್ತರ ಹೇಳಿದರೂ ನೀವು ಕಂಡುಹಿಡಿದುಬಿಡುತ್ತೀರಿ. ಭಾರತಕ್ಕೆ ಆಡಿದವರು ಎಂದಷ್ಟೇ ತಿಳಿಯಿರಿ. ಬೆಳಗಿನ ಎಂಟೂವರೆ, ಕಲ್ಲಿನ ಮೇಜಿನ ಮುಂದೆ ನಿಂತು ಇಡ್ಲಿ ವಡೆ ತಿನ್ನುತ್ತಿದ್ದರು. ಸುತ್ತ ಯಾರಿಗೂ ಅದರ ಪರಿವೆಯಿಲ್ಲ. ಎಲ್ಲರ ಕಣ್ಣೂ ಅವರವರ ಕಾಫಿ ಟೋಕನ್ನಿನ ಮೇಲೆ. ನಾನು ತಟ್ಟೆ ಹಿಡಿದು ಅದೇ ಮೇಜಿಗೆ ಸರಿದೆ. ಇಪ್ಪತ್ತು ವರ್ಷ ಮನಸ್ಸಿನಲ್ಲಿ ತಿದ್ದಿ ತೀಡಿ ಇಟ್ಟುಕೊಂಡಿದ್ದ ಪ್ರಶ್ನೆಗಳಿದ್ದವು. ಆ ಪ್ರವಾಸದಲ್ಲಿ ಅವರನ್ನು ಕೈಬಿಟ್ಟದ್ದು ಯಾಕೆ, ಆ ಎಲ್‌ಬಿಡಬ್ಲ್ಯು ನಿಜವಾಗಿ ಔಟಾ, ಆ ಓವರಿನ ಮುಂಚೆ ನಾಯಕರು ಬಂದು ಕಿವಿಯಲ್ಲಿ ಹೇಳಿದ್ದೇನು. ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ.

‘ಸಾರ್, ಸಾಂಬಾರ್ ಚೆನ್ನಾಗಿದೆಯಾ?’

ಅವರು ಒಂದು ಕ್ಷಣ ತಟ್ಟೆ ನೋಡಿ, ‘ಚಟ್ನಿ ಇನ್ನೂ ಚೆನ್ನಾಗಿದೆ, ತಗೊಳ್ಳಿ’ ಅಂದರು. ಕೈ ತೊಳೆದು, ನನಗೊಂದು ನಗೆ ನಕ್ಕು ಹೊರಟುಹೋದರು. ಮನೆಗೆ ಬಂದು ವರದಿ ಒಪ್ಪಿಸಿದೆ. ಮಾವ ಎಲ್ಲವನ್ನೂ ಕೇಳಿ, ‘ಸರಿ, ಚಟ್ನಿ ತಗೊಂಡ್ಯಾ?’ ಅಂದರು. ತಗೊಂಡಿದ್ದೆ. ನಿಜಕ್ಕೂ ಚೆನ್ನಾಗಿತ್ತು.

ಈ ಬಗೆಯ ಹುಚ್ಚನ್ನು ನಗುತ್ತಾ ಹೇಳಿಕೊಳ್ಳುವುದು ಈಗ ಮೊದಲಿನಷ್ಟು ಸುಲಭವಲ್ಲ. 2025ರ ಜೂನ್ 4ರಂದು ಆರ್‌ಸಿಬಿ ಕಪ್ ಗೆದ್ದು ಬಂದಾಗ, ಆಟಗಾರರನ್ನು ಒಮ್ಮೆ ನೋಡಬೇಕೆಂದು ಚಿನ್ನಸ್ವಾಮಿಯ ಗೇಟುಗಳ ಮುಂದೆ ಸೇರಿದವರಲ್ಲಿ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ನಾನೂ ಮಾವನೂ ಕಡಲೆಕಾಯಿಯವನ ಜೊತೆ ಆರಾಮಾಗಿ ನಿಂತಿದ್ದಂಥದೇ ಗೇಟುಗಳು. ನನ್ನ ಮಗನೂ ಅಂದು ವಿಜಯನಗರದಲ್ಲಿ ಮೆಟ್ರೋ ಹತ್ತಿದ್ದ. ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ರೈಲು ನಿಲ್ಲಿಸುತ್ತಿಲ್ಲ ಎಂದು ಮೆಜೆಸ್ಟಿಕ್‌ನಲ್ಲೇ ಇಳಿದು, ಬಯ್ದುಕೊಳ್ಳುತ್ತಾ ಮನೆಗೆ ಬಂದ. ರಾತ್ರಿ ಟೀವಿ ನೋಡಿದ ಮೇಲೆ ಬಯ್ಯುವುದನ್ನು ನಿಲ್ಲಿಸಿದ. ಅಭಿಮಾನಿಯ ಆಸೆ ತಪ್ಪಲ್ಲ. ಆ ಆಸೆಯನ್ನು ಕೂಗಿ ಕರೆದು, ಬಂದವರಿಗೆ ನಿಲ್ಲಲು ಜಾಗ ಮಾಡದೆ ಬಿಡುವುದು ತಪ್ಪು.

ಆದ್ದರಿಂದ ನಮ್ಮ ಕಡೆಯ ಹುಡುಗರಿಗೆ ನನ್ನದೊಂದು ವಿನಂತಿ. ಕ್ರಿಕೆಟಿಗರನ್ನು ನೋಡಬೇಕೆನ್ನಿಸಿದರೆ ವಿಜಯೋತ್ಸವಕ್ಕೆ ಹೋಗಬೇಡಿ, ಆಟಕ್ಕೆ ಹೋಗಿ. ರಣಜಿ ಪಂದ್ಯಗಳಿಗೆ ಸಾಮಾನ್ಯವಾಗಿ ಟಿಕೆಟಿನ ತಾಪತ್ರಯವಿಲ್ಲ. ತುಮಕೂರು ರಸ್ತೆಯ ಕಡೆ ಆಲೂರಿನಲ್ಲಿ ಕ್ರಿಕೆಟ್ ಸಂಸ್ಥೆಯ ಮೈದಾನಗಳಿವೆ, ರಾಜಾಜಿನಗರದವರಿಗೆ ಇಂದಿರಾನಗರಕ್ಕಿಂತ ಸಲೀಸು. ನಾಳೆ ಭಾರತಕ್ಕೆ ಆಡುವವನು ಇವತ್ತು ಬೌಂಡರಿ ಗೆರೆಯ ಹತ್ತಿರ ಬಿಸಿಲಲ್ಲಿ ಒಬ್ಬನೇ ನಿಂತಿರುತ್ತಾನೆ. ಹೋಗಿ ಮಾತಾಡಿಸಿ. ಪೆನ್ನು ನೀವೇ ಒಯ್ಯಿರಿ, ಬಿಳಿ ಪ್ಯಾಂಟಿನವರ ಜೇಬಿನಲ್ಲಿ ಪೆನ್ನು ಇರುವುದಿಲ್ಲ. ಎಂಟು ವಿಕೆಟ್ ಬಿದ್ದರೂ ಜಾಗ ಬಿಟ್ಟು ಏಳಬೇಡಿ.